ಸಾರಿಗೆ ಒಟ್ಟು ಮೂರು ಚಮಚ

ರೀ,

ಭಾನುವಾರವಾದರೂ ಶಿರಾಳಕೊಪ್ಪದಲ್ಲಿ ನಮಗೆ ತರಬೇತಿ ಇದೆ. ಬರುವುದು ಸಂಜೆಯೇ.

ಕರುಣಾಳ ಗಣಿತದ ಪರೀಕ್ಷೆ ಪೇಪರ್ ಫ್ರಿಜ್ ಮೇಲಿಟ್ಟಿದ್ದೇನೆ, ಸಹಿ ಹಾಕಿ. ಹತ್ತಕ್ಕೆ ಎರಡು ಬಂದಿದೆ. ‘ಬುಟ್ಟಿಯಲ್ಲಿ ಒಟ್ಟು ಹನ್ನೆರಡು ಮಾವು ಇವೆ. ಐದು ಹಣ್ಣಾಗಿವೆ. ಕಾಯಿ ಎಷ್ಟು?’ ಮಗು ಹದಿನೇಳು ಎಂದು ಬರೆದಿದೆ. ಇನ್ನೇನು ಬರೆದೀತು? “ಒಟ್ಟು ಅಂತ ಕಂಡ್ರೆ ಕೂಡಿಸಿಬಿಡು ಪುಟ್ಟಿ, ಪೂರ್ತಿ ಓದ್ಕೋತ ಕೂರಬೇಡ” ಎಂದು ಹೇಳಿಕೊಟ್ಟವರು ನೀವು.

ನಾನು ಹುಣಸೆಬೀಜ ಜೋಡಿಸಿ, ಲೆಕ್ಕವನ್ನು ಅವಳ ಬಾಯಲ್ಲೇ ಕಥೆ ಮಾಡಿ ಹೇಳಿಸುತ್ತಿದ್ದೆ. ಆ ಬೀಜಗಳನ್ನು ಹಿತ್ತಲಿಗೆ ಎಸೆದಿರಿ. “ಹದಿನಾಲ್ಕು ವರ್ಷ ಟೀಚರಾಗಿ ಇದೇನಾ ನೀ ಕಲ್ತಿದ್ದು?” ಎಂದು ನಿಮ್ಮ ಅಕ್ಕನ ಎದುರಿಗೇ ನಕ್ಕಿರಿ. ಅವರೂ ನಕ್ಕರು. ನಾನು ಮರೆತಿಲ್ಲ.

ಇವತ್ತು ಮಧ್ಯಾಹ್ನ ಅದೇ ಅಕ್ಕ ಸೊರಬದಿಂದ ಊಟಕ್ಕೆ ಬರುತ್ತಾರೆ. ಅನ್ನಕ್ಕೆ ಇಡಿ. ಹಪ್ಪಳ ಕರಿಯಿರಿ. ಸಾರು ಒಲೆಯ ಮೇಲೆ ತಯಾರಿದೆ. ಅದಕ್ಕೆ ಒಟ್ಟು ಮೂರು ಚಮಚ ಉಪ್ಪು ಬೇಕು, ಎರಡು ಚಮಚ ಹಾಕಿದ್ದೇನೆ. ಇನ್ನೆಷ್ಟು ಹಾಕಬೇಕೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲವಲ್ಲ.

– ಶ್ರೀಲತಾ ಟೀಚರ್

(ಹಿಂದೆ ನೋಡಿ)

ನೀವು ಹಾಳೆ ತಿರುಗಿಸುವವರಲ್ಲ. ತಿರುಗಿಸಿದ್ದರೆ ಬಚಾವಾದಿರಿ: ಹೊರಡುವಾಗ ಮೂರನೆಯ ಚಮಚವನ್ನೂ ನಾನೇ ಹಾಕಿದೆ. ಕರುಣಾ ಈ ಚೀಟಿಯನ್ನು ಪೂರ್ತಿ ಓದಿದ್ದಾಳೆ. ಅಪ್ಪ ತಾನಾಗಿ ಕೇಳುವವರೆಗೆ ಬಾಯಿ ಬಿಡಬೇಡ ಎಂದಿದ್ದೇನೆ.