ಇರೋ ತೂತೇ ಸಾಕು

ಫೆಬ್ರವರಿ 11, ಬೆಳಿಗ್ಗೆ 6.40

ಇವತ್ತು ಮೂರನೇ ಹಾರಾಟ. ಗಾಳಿಯಿಲ್ಲ, ಮಂಜಿಲ್ಲ, ತಪ್ಪಿಸಿಕೊಳ್ಳಲು ನೆಪವೂ ಇಲ್ಲ. ಶೆಡ್ಡಿನ ಬಾಗಿಲು ತೆಗೆದು ಅಜ್ಜಿಯನ್ನು ಹೊರಗೆ ತಳ್ಳಿದೆವು — ನಾನು ರೆಕ್ಕೆ ಕಡೆ, ಭಾವ ಬಾಲದ ಕಡೆ.

ಅಜ್ಜಿ ಅಂದರೆ ವಿಮಾನ. ಅರವತ್ತೆಂಟು ವರ್ಷ. ದಪ್ಪ ಟೈರು, ಮೈತುಂಬ ತಗಡಿನ ಬದಲು ಬಟ್ಟೆಯ ಹೊದಿಕೆ. ಕಲ್ಲು, ಮರಳು, ಹುಲ್ಲು, ಎಲ್ಲಿ ಹೇಳಿದರೆ ಅಲ್ಲಿ ಇಳಿಯುತ್ತಾಳೆ. ಕಾಡಿನಾಚೆಯ ಊರುಗಳಿಗೆ ಔಷಧಿ, ಟಪಾಲು ಒಯ್ದು, ಹೆರಿಗೆ ನೋವಿನವರನ್ನು ತಂದು ಸವೆದವಳು. ಈಗ ಅವಳು ಕುಡಿಯುವ ಪೆಟ್ರೋಲ್ ಆ ಕಡೆ ಸಿಗುವುದಿಲ್ಲ, ಡೀಸೆಲ್ ಒಂದೇ. ಹಾಗಾಗಿ ಈ ವಯಸ್ಸಿನಲ್ಲಿ ಮರುಮದುವೆ. ಡೀಸೆಲ್ ಇಂಜಿನ್ ವರ. ಐವತ್ತು ಗಂಟೆ ಹಾರಿಸಿ, ಎರಡು ನಿಮಿಷಕ್ಕೊಮ್ಮೆ ಬಿಸಿ, ಒತ್ತಡ ಬರೆದು ಒಪ್ಪಿಸಿದರೆ ಸರ್ಟಿಫಿಕೇಟ್. ಹಾರಿಸುವುದು ಭಾವ. ಹಿಂದಿನ ಸೀಟಲ್ಲಿ ಕೂತು ಬರೆಯುವುದು ನಾನು. ಇಂಜಿನ್ ಕೂರಿಸಿದ ಪುರೋಹಿತನೂ ನಾನೇ.

ಆ ಬರಹ ಆಫೀಸಿಗೆ. ಇದು ನನಗೆ.

ಅದೇ ದಿನ, ಸಂಜೆ

ಹತ್ತು ಸಾವಿರ ಅಡಿ. ನೀರಿನ ಬಿಸಿ 94, ಮೇಲೆ ಹೋಗಲಿಲ್ಲ. ಭಾವನಿಗೆ ಸದ್ದು ಒಗ್ಗುತ್ತಿಲ್ಲ. “ಟ್ರ್ಯಾಕ್ಟರಿಗೆ ರೆಕ್ಕೆ ಕಟ್ಟಿದ್ದೀಯ ಕಣಯ್ಯ” ಅಂದರು. ಉಳುಮೆಗೂ ಆಗುತ್ತೆ ಬಿಡಿ ಅಂದೆ.

ಅಕ್ಕನ ದೂರೇ ಬೇರೆ. ಮೂವತ್ತು ವರ್ಷ ಪೆಟ್ರೋಲ್ ವಾಸನೆಯ ಗಂಡನ ಜೊತೆ ಬಾಳಿದಳಂತೆ, ಈಗ ಯಾವನೋ ಲಾರಿ ಡ್ರೈವರ್ ಮನೆಗೆ ಬರುತ್ತಿದ್ದಾನಂತೆ. ಭಾವ ಶರ್ಟು ಬಿಚ್ಚಿ ಬಕೆಟ್ಟಿಗೆ ಹಾಕಿ, ಲಾರಿಯವನಿಗೂ ಒಂದು ಲೋಟ ಕಾಫಿ ಸಿಗುತ್ತಾ ಅಂತ ಕೇಳಿದರು. ಸಿಕ್ಕಿತು.

ಫೆಬ್ರವರಿ 14

ನಾಬಿನ ವಿಷಯ ಬರೆದಿಡಬೇಕು.

ಹಳೇ ಇಂಜಿನ್ನಿಗೆ ಇಳಿಯುವಾಗ ಗಾಳಿ ಎಳೆಯುವ ಗಂಟಲಲ್ಲಿ ಮಂಜುಗಡ್ಡೆ ಕಟ್ಟುತ್ತಿತ್ತು. ಬಿಸಿಗಾಳಿ ಬಿಡಲು ಮುಂದಿನ ಫಲಕದಲ್ಲಿ ಒಂದು ನಾಬ್, ಎಳೆಯುವ ಗುಂಡಿ. ಎಳೆಯದಿದ್ದರೆ ಇಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಭಾವ ಇಪ್ಪತ್ತೈದರ ಪ್ರಾಯದಲ್ಲಿ ಒಮ್ಮೆ ಮರೆತು ಕೆರೆಗೆ ಬಿದ್ದು ಈಜಿ ಬಂದವರು. ಅಲ್ಲಿಂದ ಮರೆತದ್ದಿಲ್ಲ. ಎಷ್ಟೋ ಜನಕ್ಕೆ ಹಾರಲು ಕಲಿಸಿದ್ದಾರೆ, ಎಲ್ಲರಿಗೂ ಒಂದೇ ಮಂತ್ರ: ಇಳಿಯುವ ಮುನ್ನ ಎಳೆ.

ಡೀಸೆಲ್ಲಿಗೆ ಆ ಕಾಯಿಲೆ ಇಲ್ಲ. ನಾಬ್ ತೆಗೆದೆ, ತೂತು ಉಳಿಯಿತು. ಡೀಸೆಲ್ ಇಂಜಿನ್ ಆಫ್ ಮಾಡಲು ಒಂದು ಕೇಬಲ್ ಬೇಕು, ಎಳೆದರೆ ಡೀಸೆಲ್ ಬಂದ್, ಇಂಜಿನ್ ನಿಲ್ಲುತ್ತದೆ. ಎಡಗಡೆ ಮೂಲೆಯಲ್ಲಿ ಬೇರೆ ತೂತು ಕೊರೆದು ಅದನ್ನು ಹಾಕು ಅಂತ ಭಾವ ಮೊದಲೇ ಹೇಳಿದ್ದರು. ಹೊಸ ತೂತು ಅಂದರೆ ಹೊಸ ನಕ್ಷೆ, ಮತ್ತೆ ಸಹಿ, ಮೂರು ವಾರ. ಇರೋ ತೂತೇ ಸಾಕು ಭಾವ ಅಂದೆ. ಒಪ್ಪಿದರು. ನಾನು ಹೇಳಿದ್ದಕ್ಕೆ ಅವರು ಹೆಚ್ಚಾಗಿ ಒಪ್ಪುತ್ತಾರೆ.

ಹಳೇ ತೂತಿನಲ್ಲೇ ಕೇಬಲ್ ಹಾಕಿ, ಕೈತಪ್ಪದಿರಲಿ ಅಂತ ಅದರ ನಾಬಿಗೆ ಕೆಂಪು ಬಣ್ಣ ಬಳಿದೆ. ಕೆಳಗೊಂದು ಚೀಟಿ ಅಂಟಿಸಿದೆ:

ಕೆಂಪು ಎಳೆದರೆ
ಇಂಜಿನ್ ತಂಪು.

ಭಾವ ಓದಿ, ಇಂಜಿನಿಯರ್ ಸಿಗದಿದ್ದರೆ ಕವಿಯಿಂದಲೇ ಕೆಲಸ ಮಾಡಿಸಬೇಕು ಅಂದರು. ಚೆನ್ನಾಗಿದೆ ಅಂತಲೇ ಅರ್ಥ.

ಫೆಬ್ರವರಿ 19

ಎಂಟನೇ ಹಾರಾಟ. ಇಳಿಯುವಾಗ, ಸುಮಾರು ಐನೂರು ಅಡಿಯಲ್ಲಿ, ಭಾವನ ಬಲಗೈ ಹೊರಟಿತು. ಮೊದಲು ಟೋಪಿ ಮುಟ್ಟಿತು, ಅದು ಅವರ ರೂಢಿ. ಆಮೇಲೆ ವೇಗ ಇಳಿಸುವ ಥ್ರಾಟಲ್. ಆಮೇಲೆ ನೇರ ಕೆಂಪು ನಾಬಿಗೆ. ಬೆರಳು ಸುತ್ತಿಕೊಂಡಿತು. ಕಣ್ಣು ಹೊರಗೆ ಓಡುದಾರಿ ಮೇಲೆಯೇ. ನಾನು ಹಿಂದಿನಿಂದ ಜೋರಾಗಿ ಪ್ರಾಸ ಹೇಳಿದೆ. ಕೈ ಬಿಟ್ಟಿತು.

ಇಬ್ಬರೂ ನಕ್ಕೆವು. ಇಳಿದ ಮೇಲೂ ನಕ್ಕೆವು. ಕೈಗೂ ಕಣ್ಣಿದೆ, ಆದರೆ ಅದಕ್ಕೆ ಓದೋಕೆ ಬರಲ್ಲ ಅಂದರು.

ಫಾರಂನಲ್ಲಿ ಒಂದು ಕಾಲಂ — ಅಸಹಜ ಘಟನೆಗಳು. ‘ಇಲ್ಲ’ ಅಂತ ಬರೆದೆ. ಇದೆ ಅಂದರೆ ಫಲಕ ಬದಲಿಸಿ ಅನ್ನುತ್ತಾರೆ. ಮತ್ತದೇ ಮೂರು ವಾರ.

ಮಾರ್ಚ್ 2

ನಲವತ್ತೊಂದು ಗಂಟೆ. ಬಾಕಿ ಒಂಬತ್ತು. ಇಂಜಿನ್ ಮೇಲೆ ಒಂದು ತಪ್ಪೂ ಹೊರಿಸುವಂತಿಲ್ಲ, ಚಿನ್ನದಂಥ ಅಳಿಯ. ಹೊಳೆಯಾಚೆಯ ಮುದುಕ ಪೈಲಟ್ ತನ್ನ ವಿಮಾನಕ್ಕೂ ಇದನ್ನೇ ಕೂರಿಸಲು ಹೇಳಿಕಳಿಸಿದ್ದಾನೆ. ಅಜ್ಜಿಯ ವಾರಗೆಯದೇ ಇನ್ನೊಂದು. ನಕ್ಷೆ ಕಳಿಸಿದೆ, ನನ್ನ ಸಹಿಯೊಂದಿಗೆ.

ಭಾವನಿಗೆ ಐವತ್ತೊಂಬತ್ತು. ಜೂನ್‌ಗೆ ಹಾರಲು ಬೇಕಾದ ಮೆಡಿಕಲ್ ಅವಧಿ ಮುಗಿಯುತ್ತದೆ, ಮತ್ತೆ ಮಾಡಿಸುವುದಿಲ್ಲವಂತೆ. ಸರ್ಟಿಫಿಕೇಟ್ ಬಂದ ದಿನ ಅಕ್ಕನನ್ನು ಹಿಂದಿನ ಸೀಟಲ್ಲಿ ಕೂರಿಸಿಕೊಂಡು ಒಂದು ಸುತ್ತು, ಆಮೇಲೆ ನೆಲ. ಮದುವೆಯಾದಾಗಿನಿಂದ ಅಕ್ಕ ಒಮ್ಮೆಯೂ ಹತ್ತಿಲ್ಲ. ಈ ಸಲ ಹತ್ತುತ್ತೇನೆ ಅಂದಿದ್ದಾಳೆ. ಹತ್ತೋಕೆ ಸ್ಟೂಲ್ ಬೇಕಾಗುತ್ತೆ ಅಂದೆ. ಪಾತ್ರೆ ಉಜ್ಜುತ್ತಿದ್ದವಳು ನೊರೆ ಎರಚಿದಳು.

ಮಾರ್ಚ್ 6, ಬೆಳಿಗ್ಗೆ 7

ಅಡ್ಡಗಾಳಿ ಸ್ವಲ್ಪ. ಬೇಡವಾ ಅಂತ ಕೇಳಿದೆ. ಅಡ್ಡಗಾಳಿಯಲ್ಲೂ ನೋಡಬೇಕಲ್ಲ ಅಂದರು. ಸರಿ. ಪೆನ್ನು ಎರಡು, ಕೈಗವಸು —

ಮಾರ್ಚ್ 19

ಎಡಗೈ ಬರಹ. ಬಲ ಮಣಿಕಟ್ಟು ಮುರಿದಿದೆ. ನನಗೆ ಅಷ್ಟೇ.

ಭಾವ ಹದಿನೈದರಂದು ಹೋದರು. ಒಂಬತ್ತು ದಿನ ಇದ್ದರು.

ಮಾರ್ಚ್ 21

ಬರೆಯುತ್ತೇನೆ. ಆಫೀಸಿಗಲ್ಲ.

ಇಳಿಯುತ್ತಿದ್ದೆವು. ಮುನ್ನೂರು ಅಡಿ. ಎಡದಿಂದ ಗಾಳಿ ಗುದ್ದಿತು, ರೆಕ್ಕೆ ಎದ್ದಿತು. ಭಾವ ಸರಿಮಾಡಿದರು. ಮತ್ತೆ ಗುದ್ದಿತು. ಅವರ ಜೀವವೆಲ್ಲ ಕಣ್ಣಿಗೆ ಬಂದಿತ್ತು. ನಾನು ಎಣ್ಣೆಯ ಒತ್ತಡ ಬರೆಯುತ್ತಿದ್ದೆ. ತಲೆ ಎತ್ತಿದಾಗ ಕೈ ಟೋಪಿ ಮುಟ್ಟಿ, ಥ್ರಾಟಲ್ ಮುಟ್ಟಿ, ಕೆಂಪು ಹಿಡಿದಾಗಿತ್ತು. ಬಾಯಿ ತೆರೆದೆ. ಎರಡು ಸಾಲಿನ ಪ್ರಾಸ. ಒಂದು ಸಾಲಿನಷ್ಟೂ ಹೊತ್ತಿರಲಿಲ್ಲ.

ಸದ್ದು ನಿಂತಿತು. ಆ ಟ್ರ್ಯಾಕ್ಟರ್ ಸದ್ದನ್ನು ಎಷ್ಟು ಆಡಿಕೊಂಡಿದ್ದೆವು.

“ಎಳೆದುಬಿಟ್ಟೆ” ಅಂದರು. ಅಷ್ಟೇ. ಹಾಲು ಉಕ್ಕಿಸಿಬಿಟ್ಟೆ ಅನ್ನುವ ಹಾಗೆ. ನಾಬ್ ಒಳಗೆ ತಳ್ಳಿ ಸ್ಟಾರ್ಟರ್ ಒತ್ತಿದರು. ಪ್ರೊಪೆಲ್ಲರ್ ಎರಡು ಸುತ್ತು ತಿರುಗಿತು, ಇಂಜಿನ್ ಸ್ಟಾರ್ಟ್ ಆಗಲಿಲ್ಲ. ಓಡುದಾರಿಗೆ ನೂರು ಗಜ ಮೊದಲೇ, ಮರ ಕಡಿದು ಬೊಡ್ಡೆ ಬಿಟ್ಟ ಬಯಲಿನಲ್ಲಿ ಕೂತೆವು. ಬೊಡ್ಡೆ ಮುಂದಿನ ಸೀಟಿಗೆ ಬಂತು.

ಮಾರ್ಚ್ 27

ತನಿಖೆಯವರು ಬಂದಿದ್ದರು. ಒಬ್ಬ ಹೆಂಗಸು, ಮೆದು ಮಾತು, ಚೂಪು ಪೆನ್ಸಿಲ್. ಕೇಬಲ್ ನೋಡಿದರು, ನಕ್ಷೆ ನೋಡಿದರು. ಹಿಂದೆ ಎಂದಾದರೂ ಪೈಲಟ್ ಈ ನಾಬಿಗೆ ತಪ್ಪಿ ಕೈ ಹಾಕಿದ್ದುಂಟಾ ಅಂತ ಕೇಳಿದರು. ಫಾರಂನಲ್ಲಿದ್ದದ್ದನ್ನೇ ಹೇಳಿದೆ.

ಇಲ್ಲ.

ಭಾವ ಆಸ್ಪತ್ರೆಯಲ್ಲಿ ನಾಲ್ಕನೇ ದಿನ ಮಾತಾಡಿದ್ದರು. ಅಕ್ಕ ನೀರು ತರಲು ಹೋಗಿದ್ದಳು. “ನನ್ನ ಕೈತಪ್ಪು ಅಂತಲೇ ಬರೆಸು. ಇಂಜಿನ್ ಮೇಲೆ ಮಾತು ಬಂದ್ರೆ ಎಲ್ಲಾ ಅಜ್ಜಿಯರೂ ಶೆಡ್ಡಲ್ಲೇ ಕೊಳೀತಾರೆ.” ಭಾವ, ಇಂಜಿನ್ ಅಲ್ಲ, ತೂತು — ಅಂದೆ. ಮಲಗಿದ್ದರು. ಅಥವಾ ಮಲಗಿದಂತೆ ಮಾಡಿದರು. ಕೊನೆಗೂ ನಾನು ಹೇಳಿದ್ದನ್ನು ಒಂದು ಸಲ ಒಪ್ಪಲಿಲ್ಲ.

ಅವರ ಮಾತು ನಡೆಸಿದೆ ಅಂದುಕೊಂಡರೆ ನಿದ್ದೆ ಬರಬೇಕಿತ್ತು.

ಏಪ್ರಿಲ್ 8

ವರದಿ ಬಂತು. ಇಂಜಿನ್ ನಿರ್ದೋಷಿ. ಕಾರಣ: ಹೊಸ ವ್ಯವಸ್ಥೆಯನ್ನು ಪೈಲಟ್ ಮರೆತದ್ದು. ಪರಿವರ್ತನೆ ಮುಂದುವರಿಸಬಹುದು, ಉಳಿದ ಗಂಟೆಗಳನ್ನು ಎರಡನೇ ವಿಮಾನದಲ್ಲಿ ಹಾರಿಸಬಹುದು. ಎರಡನೇ ವಿಮಾನ ಅಂದರೆ ಹೊಳೆಯಾಚೆಯ ಮುದುಕನದು. ಅವನಿಗೆ ಹಾರಲು ಕಲಿಸಿದವರೂ ಭಾವನೇ.

ಮಧ್ಯಾಹ್ನ ಫೋನ್ ಮಾಡಿದ್ದ. ಸಂಕಟ ಹೇಳಿಕೊಂಡ. ಆಮೇಲೆ, ಕೇಬಲ್ ಹಾಕಿ ಆಯ್ತು ಕಣಪ್ಪ, ಕಷ್ಟವೇ ಆಗಲಿಲ್ಲ, ತೂತು ಮೊದಲೇ ಇತ್ತಲ್ಲ ಅಂದ. ಶನಿವಾರ ಮೊದಲ ಹಾರಾಟವಂತೆ. ಒಂದು ವಾರ ತಡೆಯಿರಿ ಅಂದೆ. ಯಾಕೆ ಅಂದ. ಗಾಳಿ ಇದೆ ಅಂದೆ.

ಎಂಥ ಮಾತು ಬಂತು ಬಾಯಿಗೆ. ಗಾಳಿ.

ಸಂಜೆ ಅಕ್ಕ ವರದಿ ಕೇಳಿದಳು. ಅಡುಗೆಮನೆ ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದಳು. ಅಳಲಿಲ್ಲ. ಮಡಿಸಿ ನನ್ನ ಮುಂದಿಟ್ಟಳು.

“ಮರೆತ್ರು ಅಂತ ಬರೆದಿದ್ದಾರಲ್ಲೋ. ನಿನ್ನ ಭಾವನ ಕೈ ಯಾವತ್ತಾದ್ರೂ ಏನಾದ್ರೂ ಮರೆತಿದ್ದುಂಟಾ?”

ಇಲ್ಲ ಅಕ್ಕ. ಮರೆಯಲಿಲ್ಲ. ಅದೇ ಆದದ್ದು.

ಹೇಳಲಿಲ್ಲ. ತಟ್ಟೆ ತೊಳೆದಿಟ್ಟು ಬಂದೆ.

ಏಪ್ರಿಲ್ 9, ಬೆಳಿಗ್ಗೆ 8.15, ಶೆಡ್ಡು

ಮೂಲೆಯಲ್ಲಿ ಹಳೇ ಇಂಜಿನ್ ಸ್ಟ್ಯಾಂಡ್ ಮೇಲೆ ಕೂತಿದೆ, ವಿಧುರನ ಹಾಗೆ. ಅಜ್ಜಿಯ ಫಲಕ ಮೇಜಿನ ಮೇಲಿದೆ. ಎಡಗಡೆ ಮೂಲೆಯನ್ನು ಅಳೆದು ನೋಡಿದೆ. ಜಾಗ ಧಾರಾಳ. ಡ್ರಿಲ್ ತೆಗೆದು ಕೊರೆದೆ, ಎಡಗೈಯಲ್ಲೇ. ನಾಲ್ಕು ನಿಮಿಷ ಹಿಡಿಯಿತು.

ಕೂತು ಆ ತೂತನ್ನೇ ನೋಡಿದೆ. ಕೊರೆಯಬೇಕಾದ ಕಡೆ ಪ್ರಾಸ ಕಟ್ಟಿದವನು ನಾನು.

ಮುದುಕನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಈಗಲೇ ಕೇಬಲ್ ಬಿಚ್ಚುತ್ತೇನೆ ಅಂದ. ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು.

ಹತ್ತಕ್ಕೆ ತನಿಖೆಯ ಆಫೀಸ್ ತೆಗೆಯುತ್ತದೆ. ಬಾಯಲ್ಲಿ ಹೇಳಿದರೆ ದುಃಖದಲ್ಲಿ ಏನೋ ಹೇಳುತ್ತಿದ್ದಾನೆ ಅಂದಾರು. ಬರೆದಿಟ್ಟ ಸಾಕ್ಷಿ ಇದೊಂದೇ ಪುಸ್ತಕ. ಫೆಬ್ರವರಿ 19ಕ್ಕೆ ಗುರುತು ಇಟ್ಟಿದ್ದೇನೆ — ಗುರುತಿಗೆ ಆ ಚೀಟಿಯನ್ನೇ, ಫಲಕದಿಂದ ಕಿತ್ತದ್ದು.

ಅಕ್ಕನೂ ಬಂದಿದ್ದಾಳೆ, ಹೊರಗೆ ಬೆಂಚಿನ ಮೇಲೆ. ಭಾವನ ಶರ್ಟು ಮಡಿಲಲ್ಲಿದೆ. ಬಕೆಟ್ಟಿನಲ್ಲಿ ಉಳಿದುಹೋಗಿದ್ದು. ಒಗೆದಿಲ್ಲವಂತೆ, ಡೀಸೆಲ್ ವಾಸನೆ ಹೋಗುತ್ತದೆ ಅಂತ.

ಆಫೀಸಿನವರಿಗಿಂತ ಮೊದಲು ಅವಳು ಓದಬೇಕು. ಯಾರಾದರೂ ಓದಲಿ ಅಂತ ಬರೆದದ್ದಲ್ಲ ಇದು. ಇನ್ನು ಎದ್ದು ಹೋಗಿ ಕೊಡಬೇಕು.

ಅಕ್ಕ, ಇಲ್ಲಿಯ ತನಕ ಓದಿದ್ದೀಯಾದರೆ, ನಾನು ಬಾಗಿಲ ಹತ್ತಿರವೇ ನಿಂತಿರುತ್ತೇನೆ. ನೀನು ತಲೆ ಎತ್ತಿ ನೋಡುವ ತನಕ.