ಮುಂದಿನ ಸೀಟಿಗೆ ಯಾವ ಕವರ್

೪ ಜುಲೈ
ಇವತ್ತೂ ಕಾಫಿಗಿಂತ ಮೊದಲು ಕಾರಿನ ಮುಖ ಒರೆಸಿದರು. ನನ್ನ ಮುಖ ನೋಡಿದ್ದು ಆಮೇಲೆ. ಆದರೂ ಎಷ್ಟು ಚೆಂದ ನನ್ನ ಗಂಡ! ಮದುವೆಯಾಗಿ ಎರಡು ತಿಂಗಳು, ಈಗಲೂ ಗೇಟಿನ ಸದ್ದಿಗೇ ಎದೆ ಡವಡವ.
ಕಾರಿನ ಇನ್ಶೂರೆನ್ಸ್ ಮುಗಿಯುತ್ತಿದೆಯಂತೆ. "ನೀನೇ ನೋಡಿ ಮಾಡಿಸೇ. ಇಂಗ್ಲಿಷ್ ಮೀಡಿಯಂ ನೀನು, ಸಣ್ಣಕ್ಷರ ಎಲ್ಲ ಓದ್ತೀಯ. ಡಾಕ್ಟರುಗಳ ಚೀಟಿ ಓದಿ ಓದಿ ನಂಗೆ ಸಾಕಾಗಿದೆ" ಎಂದರು. ಆಸ್ಪತ್ರೆಯ ಔಷಧಿ ಕೌಂಟರ್ ಇವರದು. ಈ ಮನೆಯಲ್ಲಿ ನನ್ನ ಮೊದಲ ದೊಡ್ಡ ಕೆಲಸ. ಸೋ ಹ್ಯಾಪಿ.

೫ ಜುಲೈ
ಓದಿದೆ. ಸುಲಭ. ಥರ್ಡ್ ಪಾರ್ಟಿ — ನಮ್ಮ ಕಾರು ಯಾರಿಗಾದರೂ ಗುದ್ದಿದರೆ ಅವರ ನಷ್ಟ ಮಾತ್ರ. ಕಾಂಪ್ರೆಹೆನ್ಸಿವ್ — ನಮ್ಮ ಕಾರಿನ ರಿಪೇರಿಯೂ ಸೇರಿ. ಬೇಕಿದ್ದರೆ ಅದರ ಮೇಲೆ ಪ್ಯಾಸೆಂಜರ್ ಕವರ್.
ಊಟಕ್ಕೆ ಕೂತು ಹೇಳಿದರು, "ಕಾಂಪ್ರೆಹೆನ್ಸಿವ್ ಮಾಡ್ಸು. ಪ್ಯಾಸೆಂಜರ್ ಕವರ್ ಮರೀಬೇಡ. ಎಕ್ಸ್‌ರೇ ಮೇಡಂ ಹೇಳಿದ್ರು."
ಎಕ್ಸ್‌ರೇ ಮೇಡಂ. ದಿನಾ ಇವರ ಜೊತೆ ನಮ್ಮ ಕಾರಿನಲ್ಲೇ ಆಸ್ಪತ್ರೆಗೆ ಹೋಗಿಬರುವವಳು. ಬಾಗಿಲಿಗೆ ತಲೆ ತಾಗುವಷ್ಟು ಉದ್ದ. ಜಿರಾಫೆ.
"ಯಾವ ಪ್ಯಾಸೆಂಜರಿಗೆ ರೀ?"
"ಪಕ್ಕ ಕೂರೋರಿಗೆ ಕಣೇ. ಸ್ಟೆಪ್ನಿಗೆ ಮಾಡಿಸ್ತಾರಾ?" ನಕ್ಕರು. ನಾನು ನಗಲಿಲ್ಲ.

೭ ಜುಲೈ, ಭಾನುವಾರ
ಇಬ್ಬರೇ ಸುತ್ತಾಟ. ಮುಂದಿನ ಸೀಟು ಮತ್ತೆ ಪೂರ್ತಿ ಹಿಂದಕ್ಕೆ ಸರಿದಿತ್ತು. ಯಾರ ಕಾಲಿಗೆ ಅಷ್ಟು ಜಾಗ? ನನ್ನವಂತೂ ಗೇಣುದ್ದದ ಕಾಲು. ಚಪ್ಪಲಿ ಬಿಟ್ಟು, ಎಂದಿನ ಹಾಗೆ ಸೀಟಿನ ಮೇಲೆ ಕಾಲು ಮಡಚಿ ಕೂತೆ. ಹೊಟ್ಟೆಯೊಳಗೆ ಕೆಂಡ. ಅವಳು ಎಕ್ಸ್‌ರೇ ತೆಗೆದಿದ್ದರೆ ಕಾಣುತ್ತಿತ್ತು.

೯ ಜುಲೈ
ಥರ್ಡ್ ಪಾರ್ಟಿ ಮಾತ್ರ ಮಾಡಿಸಿದೆ. ಪ್ಯಾಸೆಂಜರ್ ಕವರ್ ಇಲ್ಲ. ಗೀರು ಬಿದ್ದರೆ ಬೀಳಲಿ, ಆ ಸವತಿ ಕಾರಿಗೆ. "ಆಯ್ತಾ?" ಎಂದರು. "ಆಯ್ತು" ಎಂದೆ. "ಜಾಣೆ" ಎಂದು ಕೆನ್ನೆ ಹಿಂಡಿದರು. ಕೆನ್ನೆ ಇನ್ನೂ ಚುರುಚುರು…

೨೬ ಜುಲೈ, ಸಂಜೆ
ಲೈಸೆನ್ಸ್ ಇದೆ, ಅಭ್ಯಾಸ ಆಗಲಿ ಎಂದು ಇವತ್ತು ಕಾರು ನನಗೆ ಬಿಟ್ಟು ಬಸ್ಸಿನಲ್ಲಿ ಹೋಗಿದ್ದರು. ಸಂಜೆ ನಾನೇ ಕರೆತರುತ್ತೇನೆ, ಜಿರಾಫೆ ನೋಡಲಿ ಎಂದು ಹೊರಟೆ. ದಾರಿಯುದ್ದಕ್ಕೂ ಮಹಾರಾಣಿ. ಆಸ್ಪತ್ರೆ ಗೇಟಿನ ಕಂಬಕ್ಕೆ ಅದು ಗೊತ್ತಿರಲಿಲ್ಲ.
ಕಂಬಕ್ಕೆ ಏನೂ ಆಗಲಿಲ್ಲ. ನಮ್ಮ ಬಂಪರು ಜೋತುಬಿತ್ತು, ಲೈಟು ಪುಡಿಪುಡಿ. ಮೊದಲು ಓಡಿ ಬಂದವಳು ಅವಳೇ. ಕುತ್ತಿಗೆ, ಭುಜ ಮುಟ್ಟಿ ನೋಡಿ, "ಮೂಳೆ ಎಲ್ಲ ಸರಿಯಿದೆ, ಅಳಬೇಡಮ್ಮ" ಎಂದಳು.
ವಾಪಸು ಇವರೇ ಓಡಿಸಿದರು. ಅವಳು ಹಿಂದಿನ ಸೀಟಿಗೆ ತುರುಕಿಕೊಂಡಳು. ಮಂಡಿ ಗದ್ದಕ್ಕೆ ತಾಗುತ್ತಿತ್ತು.
"ಮುಂದೆ ಕೂತ್ಕೊಳ್ಳಿ" ಎಂದೆ, ಬಾಯಿಮಾತಿಗೆ.
"ನಿಮ್ಮನೆಯವರು ಬಿಟ್ರೆ ತಾನೆ. ದಿನಾ ಇಲ್ಲೇ ನಾನು. ಆ ಸೀಟನ್ನ ಒಂದಿಂಚು ಮುಂದೆ ಎಳೆಯೋ ಹಾಗಿಲ್ಲ. ನಮ್ಮನೆಯವಳು ಕಾಲು ಮಡಚಿ ಕೂರ್ತಾಳೆ, ಜಾಗ ಇರ್ಲಿ ಅಂತಾರೆ. ನಿಮ್ಮ ಕಾಲಿನ ದೆಸೆಯಿಂದ ನನ್ನ ಮಂಡಿ ಹೋಯ್ತು."
ಇವರ ಕಿವಿ ಕೆಂಪಾಯಿತು. ಗೇರ್ ಬದಲಿಸಿದರು.
ಈಗ ಹೊರಗೆ ಗ್ಯಾರೇಜಿನವನ ಜೊತೆ ಫೋನಿನಲ್ಲಿದ್ದಾರೆ. "ಎಷ್ಟಾದ್ರೂ ಆಗ್ಲಿ ಬಿಡಿ, ಕಾಂಪ್ರೆಹೆನ್ಸಿವ್ ಇದೆ. ನಮ್ಮನೆಯವಳೇ ಎಲ್ಲ ಓದಿ ಮಾಡ್ಸಿದ್ದು." ಎಷ್ಟು ಹೆಮ್ಮೆ ಆ ದನಿಯಲ್ಲಿ…
"ಏನೇ, ಪಾಲಿಸಿ ನಂಬರ್ ಹೇಳು ಬಾ."
ಬಂದೆ ಎಂದಿದ್ದೇನೆ. ಹೇಳಿಬಿಡುತ್ತೇನೆ. ಹೇಗೆ ಶುರು ಮಾಡಲಿ? ರೀ, ನಿಮ್ಮ ಜಿರಾಫೆ… ಅಲ್ಲ. ರೀ, ಆ ಸೀಟು —