ಮೋಡಕ್ಕಿಂತ ದೊಡ್ಡ ಮುಯ್ಯಿ

ತಿಪಟೂರು
ಎರಡು ಸಾವಿರದ ಇನ್ನೂರ ಎಂಬತ್ತೇಳನೇ ಇಸವಿ, ಹುರುಳಿ ತಿಂಗಳ ಮೂವತ್ತೆಂಟು

ಮಂಗಳಗೌರಿ ಅಜ್ಜಿಯವರಿಗೆ, ನಿಮ್ಮ ವಂಶದ ಒಂಬತ್ತನೇ ತಲೆಯವಳಾದ ಇಳಾದೇವಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ತಿಂಗಳಿಗೆ ನಲವತ್ತು ದಿನ. ಬಾಡಿಗೆ, ಬಿಲ್ಲು, ಕಂತು ಎಲ್ಲವೂ ತಿಂಗಳಿಗೊಮ್ಮೆ ಬಂದು ಬಾಗಿಲು ಬಡಿಯುತ್ತವೆಂದು ಬೇಸತ್ತ ಯಾರೋ ಪುಣ್ಯಾತ್ಮರು ತಿಂಗಳನ್ನೇ ಉದ್ದ ಮಾಡಿದರಂತೆ. ಆಮೇಲೆ ಬಾಡಿಗೆಯೂ ಹೋಯಿತು, ಕಂತೂ ಹೋಯಿತು, ನಲವತ್ತು ದಿನ ಮಾತ್ರ ಉಳಿದುಕೊಂಡಿತು. ನನ್ನ ಮಾತಿನಲ್ಲಿ ಇಂಥ ವಿಚಿತ್ರಗಳು ಇನ್ನೂ ಬರುತ್ತವೆ, ಕ್ಷಮಿಸಿ. ನಿಮಗೆ ಈಗ ಮೂವತ್ತಾರು, ನನಗೆ ಎಪ್ಪತ್ತು ದಾಟಿದೆ. ಆದರೂ ನೀವೇ ಅಜ್ಜಿ. ನಿಮ್ಮ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದಾಯಿತು ಎಂದುಕೊಳ್ಳಿ, ಏಕೆಂದರೆ ಇನ್ನು ಮುಂದೆ ನಾನು ನಿಮ್ಮನ್ನು ಬೈಯುವವಳಿದ್ದೇನೆ.

ಮೊದಲು ನಮ್ಮ ಕಾಲದ ಸುಖ ಕೇಳಿ. ನಮ್ಮ ಮನೆಗಳ ಮೇಲೆ ಬಿಸಿಲುಹೆಂಚು ಇದೆ. ಅದು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ದೀಪ ಉರಿಸುತ್ತದೆ, ಒಲೆ ಹಚ್ಚುತ್ತದೆ, ಬಿಲ್ಲು ಕಳಿಸುವುದಿಲ್ಲ. ಪ್ರತಿ ಬೀದಿಯ ತುದಿಯಲ್ಲಿ ಪಡಿಗೂಡು ಎಂಬ ಕಲ್ಲಿನ ಗೂಡುಗಳ ಸಾಲು ಇದೆ. ಸೋಮವಾರ ಬೆಳಿಗ್ಗೆ ಹೋದರೆ ಮನೆಯಲ್ಲಿ ಎಷ್ಟು ಬಾಯಿಯೋ ಅಷ್ಟಕ್ಕೆ ಬೇಕಾದ ರಾಗಿ, ಅಕ್ಕಿ, ಬೇಳೆ, ಎಣ್ಣೆ ಅಲ್ಲಿ ಕೂತಿರುತ್ತವೆ. ಮಕ್ಕಳ ಶಾಲೆಗೆ ಫೀಸಿಲ್ಲ. ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಎಲ್ಲಿ ನೋವು ಎಂದು, ಎಷ್ಟು ತಂದಿದ್ದೀರಿ ಎಂದಲ್ಲ. ದುಡಿದವರಿಗೆ ಕೈಹಣ ಎಂದು ಸ್ವಲ್ಪ ಸಿಗುತ್ತದೆ, ಅದು ಅವರವರ ಆಸೆಗೆ. ನಾನು ತೆಂಗಿನ ಸಸಿಮನೆಯಲ್ಲಿ ಕೆಲಸ ಮಾಡುತ್ತೇನೆ. ಮಣ್ಣಿಗೆ ಕೈ ಹಾಕಿ ತೇವ ನೋಡುವುದು, ಹುಳ ಬಿದ್ದ ಸಸಿಯನ್ನು ಬೇರೆ ಇಡುವುದು, ಮಧ್ಯಾಹ್ನ ಒಂದು ಸಣ್ಣ ನಿದ್ದೆ. ಇಂಥವಳಿಗೆ ರಾತ್ರಿ ಮಲಗಿದ ಕೂಡಲೇ ನಿದ್ದೆ ಬರಬೇಕಲ್ಲವೇ? ಬರುವುದಿಲ್ಲ. ಹೊಟ್ಟೆಬಟ್ಟೆಯ ಚಿಂತೆಯೇ ಇಲ್ಲದ ಕಾಲದಲ್ಲಿ ಹುಟ್ಟಿ, ದುಡ್ಡಿನ ಚಿಂತೆಯಿಂದ ಹೊರಳಾಡುತ್ತಿದ್ದೇನೆ, ಅದೂ ನಿಮ್ಮ ದಯೆಯಿಂದ.

ಮುಯ್ಯಿ ಅಜ್ಜಿ, ಮುಯ್ಯಿ! ಅವರ ಮನೆಯ ಕಾರ್ಯಕ್ಕೆ ನಾವು ಕೊಡುವುದು, ನಮ್ಮ ಮನೆಯ ಕಾರ್ಯಕ್ಕೆ ಅವರು ಅದಕ್ಕೆ ಸಮನಾಗಿ ತಿರುಗಿ ಕೊಡುವುದು. ಸಮನಾಗಿ ಎಂದು ಬಾಯಲ್ಲಿ ಹೇಳುತ್ತೇವೆ, ಕೈ ಮಾತ್ರ ಒಂದು ಗುಲಗಂಜಿ ಹೆಚ್ಚೇ ಹಾಕುತ್ತದೆ. ಬಾಡಿಗೆಯನ್ನೂ ಕಂತನ್ನೂ ಓಡಿಸಿದ ಜಾಣರಿಗೆ ಇದೊಂದನ್ನು ಓಡಿಸಲು ಆಗಲಿಲ್ಲ. ಬದಲಿಗೆ ಇದಕ್ಕೆ ಸರಪಳಿ ಹೇಳುವ ಪದ್ಧತಿಯೊಂದು ಸೇರಿಕೊಂಡಿತು. ಮುಯ್ಯಿ ಕೊಡುವ ಮೊದಲು ಮನೆಯ ಹಿರಿಯರೊಬ್ಬರು ಎದ್ದು ನಿಂತು, ಎರಡು ಮನೆಗಳ ನಡುವೆ ಮೊದಲಿನಿಂದ ಯಾರು ಏನು ಕೊಟ್ಟರು, ಕೊಡುವಾಗ ಏನೆಂದರು ಎಂದು ಬಾಯಿಪಾಠ ಒಪ್ಪಿಸಬೇಕು. ಕೇಳುವವರ ಎಲೆಯ ಮೇಲೆ ಅನ್ನ ಆರಿ ಅಕ್ಷತೆಯಾಗುತ್ತದೆ. ಗಾಣದ ಮನೆಯವರ ಜೊತೆಗಿನ ನಮ್ಮ ಸರಪಳಿ ಶುರುವಾಗುವುದು ನಿಮ್ಮಿಂದ, ಆದ್ದರಿಂದ ನೀವು ಆಡಿದ ಒಂದೊಂದು ಮಾತೂ ನನಗೆ ಗೊತ್ತು.

ನಿಮ್ಮ ಮಗನ ನಾಮಕರಣಕ್ಕೆ ರುದ್ರಾಣಿಯವರು ಬೆಳ್ಳಿ ಲೋಟ ಕೊಟ್ಟರು. ಹೊಲಿಗೆ ಕ್ಲಾಸಿನಲ್ಲಿ ನಿಮ್ಮ ಪಕ್ಕದ ಮಿಷನ್ನಿನಲ್ಲಿ ಕೂರುತ್ತಿದ್ದ ಗೆಳತಿ, ಗಾಣದ ಮನೆಯ ಸೊಸೆ. ಬರುವ ಶುಕ್ರವಾರ ಅವರ ಹೊಸ ಮನೆಯ ಗೃಹಪ್ರವೇಶ. ಅವರು ಕರೆದು ಹೋದಂದಿನಿಂದ ನೀವು ಹಾಲಿನವನಿಗೆ ದುಡ್ಡು ಕೊಡುವ ಮೊದಲು ಫೋನ್ ತೆಗೆದು ಬ್ಯಾಂಕಿನಲ್ಲಿ ಎಷ್ಟಿದೆ ಎಂದು ನೋಡುತ್ತೀರಿ. ಐದು ನಿಮಿಷ ಬಿಟ್ಟು ಮತ್ತೆ ನೋಡುತ್ತೀರಿ, ಅಷ್ಟರಲ್ಲಿ ಅದು ಮರಿ ಹಾಕಿರುತ್ತದೆ ಎಂಬಂತೆ. ನಿಮ್ಮ ಯಜಮಾನರು ಪಾಪ, ಸರಿಯಾಗಿಯೇ ಹೇಳಿದರು: “ಒಂದು ತೆಂಗಿನಕಾಯಿ, ಒಂದು ರವಿಕೆ ಕಣ ಇಟ್ಕೊಂಡು ಹೋಗಿ ಬಾರೆ. ಅವ್ರೇನು ನಮಗೆ ಹೊರಗ್ನವ್ರಾ?” ಅದಕ್ಕೆ ನೀವು ಹೇಳಿದ್ದನ್ನು ನಮ್ಮ ಮನೆಯ ಮಕ್ಕಳು ಮಗ್ಗಿಗಿಂತ ಮೊದಲು ಕಲಿಯುತ್ತವೆ: “ಅವ್ಳು ಬೆಳ್ಳಿ ಕೊಟ್ಟವ್ಳೆ, ನಾನು ಕಾಯಿ ಹಿಡ್ಕೊಂಡು ಹೋದ್ರೆ ಮುಖ ಎಲ್ಲಿ ಇಟ್ಕೊಳ್ಲಿ? ಬಳೆ ಗಿರವಿ ಇಟ್ರಾಯ್ತು ಬಿಡಿ, ಜೋಡಿ ದೀಪನೇ ಕೊಡ್ತೀನಿ.”

ಆ ಜೋಡಿ ದೀಪ ನೋಡಿ ರುದ್ರಾಣಿಯವರಿಗೆ ಸಂತೋಷವಾಯಿತು ಎಂದುಕೊಂಡಿರಾ? ಗಾಣದ ಮನೆಯವರ ಸರಪಳಿಯಲ್ಲಿ ಇದು ಬರುತ್ತದೆ. ಅವರು ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ಹೇಳಿದರಂತೆ: “ಅಯ್ಯೋ ಶಿವನೇ, ಈ ಮಂಗಳಂಗೆ ತಲೆ ಕೆಟ್ಟಿದ್ಯಾ? ಆ ಲೋಟ ನಂಗ್ಯಾರೋ ಕೊಟ್ಟಿದ್ದು, ಮನೇಲಿ ಸುಮ್ನೆ ಬಿದ್ದಿತ್ತು ಅಂತ ಕೊಟ್ಟೆ. ಈಗ ಇದಕ್ಕೆ ನಾನೆಲ್ಲಿಂದ ತಂದು ಕೊಡ್ಲಿ?” ಕೇಳಿಸಿತೇ ಅಜ್ಜಿ? ಸುಮ್ಮನೆ ಬಿದ್ದಿದ್ದ ಲೋಟಕ್ಕಾಗಿ ನೀವು ಕೈಯ ಬಳೆ ಬಿಚ್ಚುತ್ತೀರಿ!

ಮುಂದಿನದನ್ನು ಹೇಳಲು ನನಗೆ ಸಿಟ್ಟು ಬರುತ್ತದೆ. ದೀಪಕ್ಕೆ ಚಿನ್ನದ ಓಲೆ ಬಂತು. ಓಲೆಗೆ ಸ್ಕೂಟರ್ ಹೋಯಿತು. ಸ್ಕೂಟರಿಗೆ ಬೋರ್‌ವೆಲ್, ಬೋರ್‌ವೆಲ್ಲಿಗೆ ಅರ್ಧ ತೋಟ. ಕೊನೆಗೆ, ನಾಲ್ಕು ವರ್ಷದ ಹಿಂದೆ ನನ್ನ ಮೊಮ್ಮಗನ ನಾಮಕರಣಕ್ಕೆ ಅವರು ನಮಗೆ ಒಂದು ಮೋಡ ಕೊಟ್ಟರು. ಹೌದು, ಮೋಡ. ನಮ್ಮ ಕಾಲದಲ್ಲಿ ಕೊಳ್ಳಲು ಸಿಗುತ್ತದೆ. ಕೊಂಡವರ ಸೂರಿನ ಮೇಲೆ ನಿಂತು ದಿನಕ್ಕೆರಡು ಸಲ ಹನಿಯುತ್ತದೆ, ಗಾಳಿ ಬಂದರೂ ಕದಲುವುದಿಲ್ಲ. ನಾವು ಕೇಳಿರಲಿಲ್ಲ. ಬಿಸಿಲುಹೆಂಚಿಗೆ ಬಿಸಿಲಿಲ್ಲ, ಒಣಹಾಕಿದ ಸೀರೆ ಒಣಗುವುದಿಲ್ಲ, ಹಪ್ಪಳ ಇಟ್ಟು ನಾಲ್ಕು ವರ್ಷವಾಯಿತು. ಬೇಡವೆಂದು ವಾಪಸು ಕೊಟ್ಟರೆ ಅವರ ಮರ್ಯಾದೆ ಹೋಗುತ್ತದೆ, ಇಟ್ಟುಕೊಂಡರೆ ನಮ್ಮ ಗೋಡೆ ಪಾಚಿ ಕಟ್ಟುತ್ತದೆ. ಈಗ ಅವರ ಮನೆಯಲ್ಲಿ ಮರಿಮಗಳ ನಾಮಕರಣ. ನಾನು ಮೋಡಕ್ಕಿಂತ ದೊಡ್ಡದನ್ನು ಎಲ್ಲಿಂದ ತರಲಿ? ನೀವೇ ಹೇಳಿ.

ಗೋಡೆ ಹಾಳಾಗಲಿ, ಸುಣ್ಣ ಬಳಿದರಾಯಿತು. ನನ್ನ ಸಂಕಟ ಬೇರೆಯದು. ಮೋಡ ಕೊಟ್ಟವಳು ಗಾಣದ ಮನೆಯ ಈಗಿನ ಹಿರಿಯಳು ನೀಲಗಂಗೆ, ನನ್ನ ನೀಲು. ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು, ಒಂದೇ ಡಬ್ಬಿಯ ಚಿತ್ರಾನ್ನ ತಿಂದವರು. ಅವಳ ಮನೆ ಮೂರು ಬೀದಿ ಆಚೆ. ಮೋಡ ಬಂದಂದಿನಿಂದ ನಾನು ಆ ಕಡೆ ಕಾಲಿಟ್ಟಿಲ್ಲ, ಬರಿಗೈಯಲ್ಲಿ ಹೇಗೆ ಹೋಗುವುದು ಎಂದು. ಕಳೆದ ತಿಂಗಳು ಅವಳು ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ನನಗೆ ಹೇಳಿ ಕಳಿಸಲಿಲ್ಲ. ಆಮೇಲೆ ಅವಳ ಸೊಸೆ ಪಡಿಗೂಡಿನ ಹತ್ತಿರ ಸಿಕ್ಕಿ, ಮುಖ ತಗ್ಗಿಸಿ ಹೇಳಿದಳು: “ಅತ್ತೆ ಬ್ಯಾಡ ಅಂದ್ರು. ಇಳಾ ಬಂದ್ರೆ ಏನಾದ್ರೂ ತರ್ತಾಳೆ, ಅದನ್ನ ತೀರ್ಸಕ್ಕೆ ನಂಗೆ ಆಯಸ್ಸಿಲ್ಲ ಅಂದ್ರು.” ಆ ದಿನ ನಾನು ರಾಗಿ ಚೀಲವನ್ನು ಅಲ್ಲೇ ಬಿಟ್ಟು ಮನೆಗೆ ಬಂದು ಅತ್ತುಬಿಟ್ಟೆ ಅಜ್ಜಿ, ನಾಚಿಕೆಯಿಂದ ಅತ್ತುಬಿಟ್ಟೆ.

ಅದಕ್ಕೇ ಈ ಪತ್ರ. ಶುಕ್ರವಾರ ದೀಪ ಕೊಡಬೇಡಿ. ಬಳೆ ಕೈಯಲ್ಲೇ ಇರಲಿ. ಒಂದು ತೆಂಗಿನಕಾಯಿ ಹಿಡಿದುಕೊಂಡು ಹೋಗಿ, ನನ್ನ ಕೈಲಿ ಈಗ ಇಷ್ಟೇ ಆಗುವುದು ಎಂದು ಬಾಯಿಬಿಟ್ಟು ಹೇಳಿ. ನಿಮ್ಮ ಎದೆಯ ಮೇಲೆ ಕೂತಿರುವುದು ಆ ಒಂದು ಮಾತು. ಅದನ್ನು ಹೇಳಿಬಿಟ್ಟರೆ ಫೋನನ್ನು ದಿನಕ್ಕೆ ಒಂದೇ ಸಲ ನೋಡಿದರೂ ಸಾಕಾಗುತ್ತದೆ. ರುದ್ರಾಣಿಯವರು ಬೈಯುವುದಿಲ್ಲ, ಬದಲಿಗೆ ಉಸಿರು ಬಿಡುತ್ತಾರೆ. ಅವರ ಬಾಯಿಂದಲೂ ಅಂಥದೇ ಒಂದು ಮಾತು ಬಂದರೆ ಆಶ್ಚರ್ಯಪಡಬೇಡಿ.

ಹಿಂದಿನ ಕಾಲದವರಿಗೆ ಪತ್ರ ಮುಟ್ಟಿಸುವ ಈ ಹಿಮ್ಮುಖ ಅಂಚೆಯಲ್ಲಿ ಬರೆದ ಸಾಲು ಬರೆದ ಹಾಗೇ ನಿಮ್ಮ ಕಡೆಗೆ ಹೋಗುತ್ತದೆ. ನೀವು ನನ್ನ ಮಾತು ಕೇಳಿದರೆ ಓಲೆ, ಸ್ಕೂಟರ್, ತೋಟ ಯಾವುದೂ ನಡೆದಿರುವುದಿಲ್ಲ, ಈ ಮೋಡವೂ ಇರುವುದಿಲ್ಲ. ತಡೆಯಿರಿ, ಹೊರಗೆ ಹೋಗಿ ನೋಡಿ ಬರುತ್ತೇನೆ.

ಇದೆ. ಅಲ್ಲೇ ಇದೆ. ನನ್ನ ತಲೆಯ ಮೇಲೇ ಹನಿಯಿತು.

ಎಂಥ ಹಟ ಅಜ್ಜಿ ನಿಮ್ಮದು! ಒಂಬತ್ತು ತಲೆ ದಾಟಿ ಬಂದು ಬೇಡಿಕೊಂಡರೂ ದೀಪವನ್ನೇ ಕೊಟ್ಟಿರಲ್ಲ. ನಿಮಗೆ ಇನ್ನು ಹೇಳಿ ಪ್ರಯೋಜನವಿಲ್ಲ. ಮತ್ತೊಂದು ವಿಷಯ, ನೀಲುವಿನ ಮುಯ್ಯಿಗೆಂದು ನಾಲ್ಕು ವರ್ಷ ಕೂಡಿಟ್ಟ ಕೈಹಣವೆಲ್ಲ ಈ ಪತ್ರದ ಅಂಚೆ ಖರ್ಚಿಗೇ ಹೋಯಿತು. ಬೇಕೆಂದೇ ಹಾಗೆ ಮಾಡಿದೆ. ಹಣ ಇದ್ದಿದ್ದರೆ ನಾನೂ ನಿಮ್ಮ ಹಾಗೆಯೇ ಅಂಗಡಿಗೆ ಹೋಗುತ್ತಿದ್ದೆ, ನಿಮ್ಮ ರಕ್ತವೇ ಅಲ್ಲವೇ. ಸಸಿಮನೆಯಿಂದ ಒಂದು ಕಾಯಿ ಕೇಳಿ ತಂದಿದ್ದೇನೆ. ನಾಮಕರಣದ ದಿನದವರೆಗೂ ಕಾಯುವುದಿಲ್ಲ, ಈಗಲೇ ಹೊರಟೆ. ಅವಳ ಮಂಚದ ಪಕ್ಕ ಕೂತು ಹೇಳುವ ಮಾತನ್ನು ಬೆಳಗಿನಿಂದ ಬಾಯಿಪಾಠ ಮಾಡುತ್ತಿದ್ದೇನೆ: “ನೀಲೂ, ನನ್ ಕೈಲಿ ಆಗೋದು ಇಷ್ಟೇ ಕಣೇ. ಆ ಮೋಡನ ವಾಪಸ್ ಕರ್ಸ್ಕೋ, ಹಪ್ಪಳ ಇಡ್ಬೇಕು.”